ಹಾಡು ಹಳೇದು, ಹೆಸರು ಯಾರದು?



ಹೋದ ವರ್ಷದ ವಾರ್ಷಿಕೋತ್ಸವದ ರಾತ್ರಿ ನಿಮಗೆ ನೆನಪಿರಬೇಕು. ಭಾಷಣ ಮುಗಿದು, ಮಕ್ಕಳಿಗೆ ಬಹುಮಾನ ಹಂಚಿ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನಮ್ಮ ಹುಡುಗರು ಸ್ಪೀಕರಿನಲ್ಲಿ ‘ಕೋಲುಮಂಡೆ ಜಂಗಮದೇವ’ ಹಾಕಿದರು. ಆ ಚಳಿಯಲ್ಲೂ ಕುಣಿಯದೆ ಉಳಿದವರೇ ಕಮ್ಮಿ. ಹಿಂದಿನ ಬೆಂಚಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಹಿರಿಯರೊಬ್ಬರು ಪಕ್ಕದವರಿಗೆ ಹೇಳಿದ ಮಾತು ನನ್ನ ಕಿವಿಗೆ ಬಿತ್ತು: “ಇದು ಸಿನಿಮಾದೋರು ಕಟ್ಟಿದ ಹಾಡಲ್ಲ ಕಣಪ್ಪ. ನಮ್ಮಪ್ಪ ರಾತ್ರಿಯೆಲ್ಲ ಹಾಡೋನು. ಇದಾದ ಮ್ಯಾಲೆ ಸಂಕಮ್ಮನ ಕಥೆ ಬರಬೇಕು. ಯಾಕೆ ಬರನಿಲ್ಲ?”

ಆ ಪ್ರಶ್ನೆ ನನ್ನನ್ನು ಒಂದು ವರ್ಷ ಬಿಡಲಿಲ್ಲ. ಸಂಕಮ್ಮನ ಕಥೆ ಎಲ್ಲಿ ಹೋಯ್ತು? ಹಾಡಿದವರ ಹೆಸರು ಎಲ್ಲಿ ಹೋಯ್ತು? ಈ ಲೇಖನ ಅದನ್ನೇ ಹುಡುಕಿಕೊಂಡು ಹೊರಟದ್ದು. ನೀವೂ ನನ್ನ ಜೊತೆ ಸ್ವಲ್ಪ ದೂರ ಬನ್ನಿ.

ಮೊದಲು ನಮಗೂ ಮಾದಪ್ಪನ ಬೆಟ್ಟಕ್ಕೂ ಏನು ನಂಟು ಅಂತ ತಿಳಿಯೋಣ. ಇವತ್ತಿನ ನಕ್ಷೆ ನೋಡಿದರೆ ಮಲೆ ಮಹದೇಶ್ವರ ಬೆಟ್ಟ ಕರ್ನಾಟಕದ ಚಾಮರಾಜನಗರ ಜಿಲ್ಲೆಯಲ್ಲಿದೆ, ನಾವು ತಮಿಳುನಾಡಿನ ನೀಲಗಿರಿಯಲ್ಲಿದ್ದೀವಿ. ಆದರೆ 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆಯುವ ತನಕ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ನಮ್ಮ ನೀಲಗಿರಿ ಕೂಡ 1868ರಲ್ಲಿ ಬೇರೆಯಾಗುವ ಮುಂಚೆ ಬಹುಕಾಲ ಅದೇ ಕೊಯಮತ್ತೂರಿನ ಆಡಳಿತದಲ್ಲಿತ್ತು. ಗಡಿ ಕಾಗದದ ಮೇಲೆ ಬಂತು, ಜನ ಅದಕ್ಕೆ ಮುಂಚೆಯೇ ನಡೆದುಕೊಂಡು ಬಂದಿದ್ದರು. ಕಾಫಿ ತೋಟ, ಆಮೇಲೆ ಟೀ ತೋಟ ಎದ್ದಾಗ ಮೈಸೂರು ಸೀಮೆಯಿಂದ ಕೂಲಿಗೆ ಬಂದವರಲ್ಲಿ ನಮ್ಮ ಜನರೂ ಇದ್ದರು. ಅವರು ತಂದ ಗಂಟಿನಲ್ಲಿ ರಾಗಿ ಇತ್ತು, ಹರಿದ ಕಂಬಳಿ ಇತ್ತು. ಹಾಡು ಮಾತ್ರ ಗಂಟು ಕಟ್ಟದೆ ಬಂತು.

ಆ ಹಾಡುಗಳನ್ನು ಹೊತ್ತವರು ದೇವರಗುಡ್ಡರು, ಕಂಸಾಳೆಯವರು. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದು ಕೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಅದನ್ನು ಬೀಸಿ ಬೀಸಿ ಹೊಡೆದು ಕುಣಿದರೆ ಬೀಸು ಕಂಸಾಳೆ. ಮಾದಪ್ಪನಿಗೆ ಹರಕೆ ಹೊತ್ತು ಗುಡ್ಡನಾದವನು ಮನೆಮನೆಗೆ ಹೋಗಿ ಹಾಡಿ ಭಿಕ್ಷೆ ಎತ್ತಬೇಕು. ಈ ಗುಡ್ಡರಲ್ಲಿ ಕುರುಬರಿದ್ದರು, ಬೇಡರಿದ್ದರು, ನಮ್ಮ ಕೇರಿಯವರೂ ಇದ್ದರು. ವಿದ್ವಾಂಸರಾದ ಜೀ.ಶಂ. ಪರಮಶಿವಯ್ಯನವರು ಇಂಥವರನ್ನು ‘ವೃತ್ತಿಗಾಯಕರು’ ಅಂತ ಕರೆದರು. ಹಾಡು ಇವರಿಗೆ ಹೊತ್ತು ಕಳೆಯುವ ಕೆಲಸ ಅಲ್ಲ, ಅದೇ ಕಸುಬು, ಅದೇ ಅನ್ನ ಅಂತ ಅದರ ಅರ್ಥ. ಪಿ.ಕೆ. ರಾಜಶೇಖರ ಅವರು ಈ ಕಾವ್ಯವನ್ನು ಹಾಡುವವರ ಬಾಯಿಂದ ಕೇಳಿ ಬರೆದು 1973ರಲ್ಲಿ ದೊಡ್ಡ ಗ್ರಂಥವಾಗಿ ತಂದರು. ಪುಸ್ತಕ ಹಿಡಿದು ನೋಡಿದರೆ ತೂಕ ಗೊತ್ತಾಗುತ್ತೆ. ಅಕ್ಷರ ಬಾರದವರ ತಲೆಯೊಳಗೆ ಅಷ್ಟು ದೊಡ್ಡ ಕಾವ್ಯ ಇತ್ತು!

ಆ ಕಾವ್ಯದಲ್ಲಿ ನಮ್ಮ ಕೇರಿಗೂ ಜಾಗ ಇದೆ. ಶ್ರವಣನೆಂಬ ದೊರೆ ದೇವತೆಗಳನ್ನೇ ಸೆರೆಹಿಡಿದು ದುಡಿಸಿಕೊಳ್ಳುತ್ತಿರುತ್ತಾನೆ. ಅವನನ್ನು ಮುಗಿಸಲು ಮಾದಪ್ಪ ಹೋಗುವುದು ಯಾವ ಅರಮನೆಗೂ ಅಲ್ಲ, ಚಪ್ಪಲಿ ಹೊಲಿಯುವ ಹರಳಯ್ಯನ ಮನೆಗೆ. ಹರಳಯ್ಯ ಮಾಡಿಕೊಟ್ಟ ಅರಗಿನ ಪಾದರಕ್ಷೆಯಿಂದಲೇ ಆ ದೊರೆಯ ಕಥೆ ಮುಗಿಯುತ್ತೆ. ದೇವರಿಗೂ ನಮ್ಮವರ ಕೈಕಸುಬು ಬೇಕಾಯ್ತು. ಇದನ್ನು ಹಾಡುವಾಗ ನಮ್ಮ ಹಿರಿಯರ ದನಿ ಯಾಕೆ ಏರುತ್ತಿತ್ತು ಅಂತ ಈಗ ನನಗೆ ಅರ್ಥ ಆಗ್ತಿದೆ.

ಮಾದಪ್ಪನ ಹಾಡಿನ ಒಡಹುಟ್ಟಿದ್ದು ಮಂಟೇಸ್ವಾಮಿಯ ಹಾಡು. ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಅದನ್ನು ಹಾಡುವ ನೀಲಗಾರರಲ್ಲಿ ಹೆಚ್ಚಿನವರು ನಮ್ಮವರೇ. ಕಲ್ಯಾಣದ ಬಾಗಿಲಿಗೆ ಕೊಳಕು ವೇಷದಲ್ಲಿ ಬಂದ ಮಂಟೇಸ್ವಾಮಿಯನ್ನು ಬಾಗಿಲು ಕಾಯುವವರು ಒಳಗೆ ಬಿಡುವುದಿಲ್ಲ. ಆ ಬಾಗಿಲಿನ ಕಥೆ ಹೇಳುವವರು ಆ ಥರದ ಬಾಗಿಲುಗಳ ಹೊರಗೆ ನಿಂತವರೇ ಆಗಿದ್ದರು. ಚಿಕ್ಕಲ್ಲೂರು ಜಾತ್ರೆಗೆ ಹೋಗಿ ಬಂದವರು ನಮ್ಮಲ್ಲಿ ಈಗಲೂ ಇದ್ದಾರೆ, ಕೇಳಿ ನೋಡಿ.

ಈಗ ‘ಕೋಲುಮಂಡೆ’ಗೆ ಬರೋಣ. ಕಾವ್ಯದಲ್ಲಿ ಇದು ಜಂಗಮನ ವೇಷದ ಮಾದಪ್ಪ ಕ್ವಾರಣ್ಯಕ್ಕೆ, ಅಂದರೆ ಭಿಕ್ಷೆಗೆ, ಬರುವಾಗಿನ ಹಾಡು. ಅವನು ಬರುವುದು ಸಂಕಮ್ಮನ ಬಾಗಿಲಿಗೆ. ಸಂಕಮ್ಮನ ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಅವಳ ಮೇಲೆ ಅನುಮಾನಪಟ್ಟು, ‘ನಾನು ಬರುವ ತನಕ ಶೀಲವಾಗಿ ಇರ್ತೀನಿ ಅಂತ ಭಾಷೆ ಕೊಡು’ ಅಂತ ಹಟ ಹಿಡಿಯುತ್ತಾನೆ. ಅವಳು ಕೊಡುವುದಿಲ್ಲ. ಅವನು ಏನೇನು ಹಿಂಸೆ ಕೊಟ್ಟರೂ ಕೊಡುವುದಿಲ್ಲ. ಅಂಥ ಸಂಕಟದಲ್ಲಿ ಬಿದ್ದ ಹೆಣ್ಣಿನ ಬಾಗಿಲಿಗೆ ದೇವರು ಭಿಕ್ಷುಕನಾಗಿ ಬರುತ್ತಾನೆ. ತಂಗಿಯರೇ, ಇದನ್ನು ಎರಡು ಸಲ ಓದಿ. ನಾವು ಕುಣಿದ ಹಾಡಿನ ಹಿಂದೆ ಇರುವವಳು ತಪ್ಪಿಲ್ಲದೆ ಪ್ರಮಾಣ ಮಾಡಲ್ಲ ಅಂದ ಒಬ್ಬ ಹೆಂಗಸು.

ಈ ಹಾಡು ಬೆಟ್ಟ ಇಳಿದು ಎಲ್ಲರ ಮನೆಗೆ ಬಂದದ್ದು 1996ರಲ್ಲಿ. ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಜನುಮದ ಜೋಡಿ’ ಚಿತ್ರಕ್ಕೆ ವಿ. ಮನೋಹರ್ ಸಂಗೀತ ಕೊಟ್ಟರು. ಅದರಲ್ಲಿ ‘ಕೋಲುಮಂಡೆ’ಯನ್ನು ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ಶಿವರಾಜ್‌ಕುಮಾರ್ ನಟಿಸಿದ ಆ ಚಿತ್ರ ಗುಜರಾತಿಯ ಪನ್ನಾಲಾಲ್ ಪಟೇಲರ ಕಾದಂಬರಿಯನ್ನು ಆಧರಿಸಿದ್ದು, ಜಾತಿ ಅಡ್ಡ ಬಂದ ಪ್ರೀತಿಯ ಕಥೆ. ಆಗ ಕ್ಯಾಸೆಟ್ಟಿನ ಕಾಲ. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಕಥಾ ಕ್ಯಾಸೆಟ್ಟುಗಳು ಒಂದು ಕಡೆ, ಸಿನಿಮಾ ಕ್ಯಾಸೆಟ್ಟು ಇನ್ನೊಂದು ಕಡೆ. ಕಥಾ ಕ್ಯಾಸೆಟ್ಟು ಹಾಕಿದರೆ ಕೂತು ಗಂಟೆಗಟ್ಟಲೆ ಕೇಳಬೇಕು. ಸಿನಿಮಾ ಹಾಡು ನಾಲ್ಕೈದು ನಿಮಿಷಕ್ಕೆ ಮುಗಿಯುತ್ತೆ. ಯಾವುದು ಮದುವೆ ಮನೆಗೆ, ಶಾಲೆಯ ಡ್ಯಾನ್ಸಿಗೆ, ಬಸ್ಸಿಗೆ ಬಂತು ಅಂತ ನಾನು ಹೇಳಬೇಕಾಗಿಲ್ಲ. ಕಂಸಾಳೆ ಅಂದರೆ ಏನು ಅಂತ ತಿಳಿಯದ ಪಟ್ಟಣದವರಿಗೆ ತಿಳಿಸಿದ್ದು ಆ ಹಾಡು, ಅದು ನಿಜ. ಆದರೆ ಸಂಕಮ್ಮ ಬಾಗಿಲ ಒಳಗೇ ಉಳಿದುಬಿಟ್ಟಳು.

2020ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿ ಅದೇ ಹಾಡನ್ನು ರ‍್ಯಾಪ್ ಮಾಡಿ ಬಿಟ್ಟರು. ಈ ಸಲ ಸಂಕಮ್ಮ ಹೊರಗೆ ಬಂದಳು, ಆದರೆ ಬೇರೆ ರೂಪದಲ್ಲಿ. ವಿಡಿಯೋದಲ್ಲಿ ಅವಳನ್ನು ತೋರಿಸಿದ ರೀತಿ, ಉಡುಪು, ಕುಣಿತ ನೋಡಿ ಮಾದಪ್ಪನ ಒಕ್ಕಲಿನವರೂ ಜನಪದ ಕಲಾವಿದರೂ ಸಿಟ್ಟಾದರು. ಗಾಯಕರು ಕ್ಷಮೆ ಕೇಳಿದರು, ವಿಡಿಯೋ ತೆಗೆದರು. ಜಗಳ ಅಲ್ಲಿಗೆ ನಿಂತಿತು. ನನಗೆ ಅನ್ನಿಸಿದ್ದು ಬೇರೆ. ಹೊಸಬರು ಹಾಡಿದ್ದು ತಪ್ಪಲ್ಲ, ಗಿಟಾರ್ ಹಾಕಿದ್ದೂ ತಪ್ಪಲ್ಲ. ಕಥೆ ಗೊತ್ತಿದ್ದವರ ಹತ್ತಿರ ಒಂದು ಸಂಜೆ ಕೂತು ಕೇಳಿದ್ದರೆ ಸಂಕಮ್ಮನನ್ನು ಹಾಗೆ ಕುಣಿಸಬೇಕು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಇನ್ನೊಂದು ಮಾತು: ದೇವರ ಮಾನ ಹೋಯ್ತು ಅಂತ ಕೂಗಿದವರು ಬಹಳ. ಈ ಹಾಡನ್ನು ನೂರಾರು ವರ್ಷ ಹೊತ್ತು ತಂದವರ ಮನೆಯಲ್ಲಿ ಒಲೆ ಉರಿಯುತ್ತಾ ಅಂತ ಕೇಳಿದವರು ಎಷ್ಟು ಜನ?

‘ಸೋಜುಗಾದ ಸೂಜುಮಲ್ಲಿಗೆ’ಯದೂ ಇದೇ ದಾರಿ. ಅದೂ ಮಾದಪ್ಪನ ಪದವೇ. ಪಾತ್ರೆ ಬೆಳಗಿ, ತುಪ್ಪ ಕಾಯಿಸಿ, ಹಣ್ಣು ತಂದು ದೇವರ ಮುಂದೆ ನಿಲ್ಲುವ ಬಡ ಒಕ್ಕಲಿನ ಮಾತು ಅದು. ನಮ್ಮ ಬೆಟ್ಟದ ಕೆಳಗೆ ಕೊಯಮತ್ತೂರಿನ ಈಶಾ ಕೇಂದ್ರದ ಶಿವರಾತ್ರಿ ವೇದಿಕೆಯಲ್ಲಿ ಅನನ್ಯಾ ಭಟ್ ಹಾಡಿದ ಮೇಲೆ ಕನ್ನಡ ಬಾರದವರೂ ಅದನ್ನು ಗುನುಗಿದರು. 2021ರಲ್ಲಿ ಬಂದ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಚೈತ್ರಾ ಜೆ. ಆಚಾರ್ ದನಿಯಲ್ಲಿ ಮತ್ತೆ ಬಂತು. ಹಾಡಿದವರ ಹೆಸರು ನಮಗೆ ಗೊತ್ತು, ಸಂಗೀತ ಮಾಡಿದವರ ಹೆಸರು ಗೊತ್ತು. ಹಾಡು ಕಟ್ಟಿದವರು ಯಾರು ಅಂದರೆ ಒಂದೇ ಪದ: ‘ಜಾನಪದ’. ಆ ಒಂದು ಪದದೊಳಗೆ ಎಷ್ಟು ಜನರನ್ನು ಹೂತಿದ್ದೀವಿ!

ಇದು ನಮ್ಮಲ್ಲಿ ಮಾತ್ರ ಅಂತ ತಿಳಿಯಬೇಡಿ. ಹಳೇ ಹಾಡನ್ನು ಇನ್ನೊಬ್ಬರು ಹೊಸದಾಗಿ ಹಾಡಿದರೆ ‘ಕವರ್’ ಅಂತೀವಲ್ಲ, ಲೋಕದಲ್ಲಿ ಅಂಥ ಹಾಡುಗಳಲ್ಲಿ ಬಹಳ ಹೆಸರಾದದ್ದು ‘ಹೌಸ್ ಆಫ್ ದ ರೈಸಿಂಗ್ ಸನ್’. ಗಿಟಾರ್ ಕಲಿಯುವ ನಮ್ಮ ಹುಡುಗರಿಗೆ ಅದು ಗೊತ್ತು. ಇಂಗ್ಲೆಂಡಿನ ‘ದಿ ಆನಿಮಲ್ಸ್’ ತಂಡ 1964ರಲ್ಲಿ ಅದನ್ನು ಹಾಡಿತು. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೆ ಏರಿತು. ಜನಪದ ಹಾಡೂ ರಾಕ್ ಸಂಗೀತವೂ ಸೇರಿದ ಮೊದಲ ದೊಡ್ಡ ಹಾಡು ಅಂತ ಅದನ್ನು ಹೇಳುವವರಿದ್ದಾರೆ. ಆದರೆ ಅದಕ್ಕೆ 27 ವರ್ಷ ಮೊದಲು, 1937ರಲ್ಲಿ, ಅಲನ್ ಲೊಮ್ಯಾಕ್ಸ್ ಎಂಬ ಸಂಗ್ರಹಕಾರ ಅಮೆರಿಕದ ಕೆಂಟಕಿ ರಾಜ್ಯದ ಮಿಡಲ್ಸ್‌ಬರೊ ಊರಿನಲ್ಲಿ ಅದನ್ನು ರೆಕಾರ್ಡ್ ಮಾಡಿದ್ದ. ಹಾಡಿದವಳು ಜಾರ್ಜಿಯಾ ಟರ್ನರ್, 16 ವರ್ಷದ ಹುಡುಗಿ, ಗಣಿ ಕೂಲಿಯ ಮಗಳು. ಅಲ್ಲಿಂದ ಅದು ಪುಸ್ತಕಕ್ಕೆ ಹೋಯ್ತು, ಇತರ ಗಾಯಕರ ಬಾಯಿಗೆ ಹೋಯ್ತು, ಬಾಬ್ ಡಿಲನ್‌ನ 1962ರ ಮೊದಲ ಆಲ್ಬಂಗೂ ಹೋಯ್ತು.

ಎರಡು ವಿಷಯ ಗಮನಿಸಿ. ಒಂದು, ಜಾರ್ಜಿಯಾ ಹಾಡಿದ್ದು ಕೆಟ್ಟ ಮನೆಗೆ ಬಿದ್ದು ಬಾಳು ಹಾಳಾದ ಹುಡುಗಿಯ ಹಾಡು. ಆನಿಮಲ್ಸ್ ಹಾಡಿದಾಗ ಆ ಹುಡುಗಿ ಹುಡುಗನಾಗಿಬಿಟ್ಟಳು. ಅಲ್ಲೂ ಸಂಕಮ್ಮ ಕಾಣೆಯಾದಳು ಅನ್ನಿ. ಎರಡು, ಆ ತಂಡದಲ್ಲಿ ಐದು ಜನ. ರೆಕಾರ್ಡಿನ ಮೇಲೆ ‘ಸಾಂಪ್ರದಾಯಿಕ, ಅಳವಡಿಕೆ’ ಅಂತ ಬಂದದ್ದು ಆರ್ಗನ್ ನುಡಿಸಿದ ಅಲನ್ ಪ್ರೈಸ್ ಒಬ್ಬನ ಹೆಸರು. ಐದು ಹೆಸರಿಗೆ ಲೇಬಲ್ಲಿನಲ್ಲಿ ಜಾಗ ಸಾಲದು ಅಂದರಂತೆ. ಹೆಸರು ಇದ್ದವನಿಗೆ ಹಣ, ಉಳಿದವರಿಗೆ ಮನಸ್ತಾಪ. ಲಕ್ಷಗಟ್ಟಲೆ ಮಾರಿದ ಹಾಡಿಗೇ ಹೀಗಾದರೆ, ಆ ಗಣಿ ಕೂಲಿಯ ಮಗಳ ಪಾಲಿಗೆ ಎಷ್ಟು ಬಂದಿರಬಹುದು, ನೀವೇ ಯೋಚಿಸಿ.

ಇನ್ನೂ ಹತ್ತಿರದ ಉದಾಹರಣೆ ಬೇಕಾ? ನಮ್ಮ ಪಕ್ಕದ ಲೈನುಗಳಲ್ಲೇ ಇದೆ. 1964ರ ಅಕ್ಟೋಬರಿನ ಸಿರಿಮಾವೋ–ಶಾಸ್ತ್ರಿ ಒಪ್ಪಂದದಲ್ಲಿ ಸಿಲೋನಿನ ತೋಟದ ಜನರಲ್ಲಿ 5,25,000 ಮಂದಿಯನ್ನು ಭಾರತಕ್ಕೆ ಕಳಿಸುವುದು ಅಂತ ಎರಡು ಸರ್ಕಾರಗಳು ತೀರ್ಮಾನ ಮಾಡಿದವು. ಹಾಗೆ ಬಂದ ಸಾವಿರಾರು ಕುಟುಂಬಗಳು ಈ ನೀಲಗಿರಿಯಲ್ಲೇ ಎಲೆ ಕಿತ್ತು ಬದುಕಿದವು. ತಮಿಳು ಮಾತಾಡುವ ಆ ಅಕ್ಕಂದಿರು ನಮ್ಮ ಮನೆಯ ಸಾವಿಗೂ ಬಂದಿದ್ದಾರೆ, ಮದುವೆಗೂ ಬಂದಿದ್ದಾರೆ. ಅಂಥದ್ದೇ ಸಿಲೋನ್ ತೋಟದಲ್ಲಿ ದುಡಿದು ಬಂದ ವಳ್ಳಿಯಮ್ಮಾಳ್ ಎಂಬ ಅಜ್ಜಿಯ ಮೊಮ್ಮಗ ಅರಿವು. ಅಜ್ಜಿಯ ನೆನಪು, ಒಪ್ಪಾರಿಯ ದನಿ, ಭೂಮಿ ಇಲ್ಲದವರ ಸಂಕಟ ಎಲ್ಲ ಸೇರಿಸಿ ಅವರು ಬರೆದು, ಧೀ ಜೊತೆ ಹಾಡಿದ ‘ಎಂಜಾಯ್ ಎಂಜಾಮಿ’ 2021ರ ಮಾರ್ಚಿನಲ್ಲಿ ಬಂತು. ಸಂಗೀತ ಸಂತೋಷ್ ನಾರಾಯಣನ್ ಅವರದು. ಲೋಕವೇ ಕುಣಿಯಿತು. ಅದೇ ವರ್ಷ ಆಗಸ್ಟಿನಲ್ಲಿ ಒಂದು ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಈ ಹಾಡಿನ ಹೆಸರು ಬಂದಾಗ ಅರಿವು ಅವರ ಚಿತ್ರ ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಪ್ರಶ್ನೆ ಎತ್ತಿದರು. 2022ರಲ್ಲಿ ಚೆನ್ನೈನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಹಾಡು ಮೊಳಗಿತು, ವೇದಿಕೆಯಲ್ಲಿ ಅರಿವು ಇರಲಿಲ್ಲ. ಹಾಡಿನಲ್ಲಿ ಯಾರ ಪಾಲು ಎಷ್ಟು ಅಂತ ಮೂವರೂ ತಮ್ಮ ತಮ್ಮ ಮಾತು ಹೇಳಿದರು. ಆ ತಕರಾರಿನ ತೀರ್ಪು ಕೊಡಲು ನಾನು ಕೂತಿಲ್ಲ. ಆದರೆ ‘ಹೆಸರು ಎಲ್ಲಿ?’ ಅಂತ ಕೇಳುವ ಧೈರ್ಯ ನಮ್ಮ ತಲೆಮಾರಿಗೆ ಬಂತಲ್ಲ, ಅದು ಸಣ್ಣ ವಿಷಯ ಅಲ್ಲ. ನಮ್ಮ ಅಜ್ಜಂದಿರಿಗೆ ಕೇಳುವ ಜಾಗವೇ ಇರಲಿಲ್ಲ.

ಹಾಗಾದರೆ ಹಳೇ ಹಾಡನ್ನು ಹೊಸದಾಗಿ ಹಾಡಬಾರದಾ? ಖಂಡಿತ ಹಾಡಬೇಕು. ಹಾಡು ಬಾಯಿಂದ ಬಾಯಿಗೆ ಬದಲಾಗುತ್ತಲೇ ಬದುಕುತ್ತೆ. ನಮ್ಮ ಚಳವಳಿಯೇ ಅದಕ್ಕೆ ಸಾಕ್ಷಿ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಕೇರಿಯ ಮಾತು, ಕೇರಿಯ ಲಯ. ಅದರೊಳಗೆ ಹೊಸ ಸಿಟ್ಟು. ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆ ಬಡಿದು ಅವನ್ನು ಹಾಡಿದರು. ಅಲ್ಲಿಯ ತನಕ ಊರ ದೊಡ್ಡವರ ಸಾವಿಗೆ, ಮಾರಿಹಬ್ಬಕ್ಕೆ ಬಡಿಯಬೇಕಾಗಿದ್ದ ತಮಟೆ, ಮೊದಲ ಸಲ ನಮ್ಮ ಮಾತಿಗೆ ಬಡಿಯಿತು. ಇದೂ ಹಳೇ ಲಯದ ಹೊಸ ಹಾಡೇ. ಆದರೆ ಇಲ್ಲಿ ಕಥೆ ಕಳೆಯಲಿಲ್ಲ, ಕಥೆಗೆ ಬಾಯಿ ಬಂತು. ವ್ಯತ್ಯಾಸ ಅಷ್ಟೇ.

ನಾನು ಆ ಹಿರಿಯರ ಮನೆಗೆ ಹೋಗಿದ್ದೆ. “ಯಜಮಾನ್ರೇ, ನಿಮ್ಮಪ್ಪನ ಹಾಡು ನಿಮ್ಮ ಮಕ್ಕಳಿಗೆ ಯಾಕೆ ಕಲಿಸಲಿಲ್ಲ?” ಅಂದೆ. ಅವರು ಬೀಡಿ ಹಚ್ಚಿ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ನಮ್ಮಪ್ಪ ಹಾಡಿದ್ರೆ ಊರೋರೆಲ್ಲ ಅಳೋರು. ಹಾಡು ಮುಗಿದ ಮ್ಯಾಲೆ ದವಸನ ಜಗಲಿ ಮ್ಯಾಲಿಂದ ಸೆರಗಿಗೆ ಸುರಿಯೋರು, ಕೈ ತಾಕದಂಗೆ. ನಾನು ಪಕ್ಕದಲ್ಲಿ ನಿಂತು ನೋಡಿವ್ನಿ. ನನ್ನ ಮಕ್ಳು ಅಂಗೆ ನಿಲ್ಲಬಾರದು ಅಂತ ಕಲಿಸನಿಲ್ಲ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ? ‘ಹಿರಿಯರು ಕಲೆ ಬಿಟ್ಟರು’ ಅಂತ ಸುಲಭವಾಗಿ ಅಂದುಬಿಡ್ತೀವಿ. ಅವರು ಬಿಟ್ಟದ್ದು ಕಲೆಯನ್ನಲ್ಲ, ಆ ಜಗಲಿಯ ಕೆಳಗಿನ ಜಾಗವನ್ನು. ಜಗಲಿ ಬಿಡುವಾಗ ಹಾಡೂ ಕೈಜಾರಿತು. ಜಗಲಿಗೆ ಹಿಂದಿರುಗದೆ ಹಾಡನ್ನು ಮಾತ್ರ ವಾಪಸ್ ತರುವುದು ಹೇಗೆ? ನಮ್ಮ ಸಂಘದ ಮುಂದಿರುವ ಕೆಲಸ ಇದೇ ಅಂತ ನನ್ನ ಅಭಿಪ್ರಾಯ.

ಅದಕ್ಕೆ ದೊಡ್ಡ ದುಡ್ಡೇನೂ ಬೇಡ. ಮನೆಯಲ್ಲಿ ಪದ ಗೊತ್ತಿರುವ ಅಜ್ಜ, ಅಜ್ಜಿ, ಸೋದರತ್ತೆ ಯಾರೇ ಇರಲಿ, ಕೂತು ಕೇಳಿ. ಎಲೆ ಕೀಳುವಾಗ ಹಾಡಿದ್ದು, ತೊಟ್ಟಿಲಿಗೆ ಹಾಡಿದ್ದು, ಸಾವಿಗೆ ಅತ್ತದ್ದು, ಯಾವುದೂ ಸಣ್ಣದಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ. ಇದು ಮರ್ಯಾದೆ ಮಾತ್ರ ಅಲ್ಲ, ಕಾನೂನೂ ಹೌದು. ಜನಪದ ಹಾಡಿಗೆ ಕರ್ತೃ ಇಲ್ಲ ಅನ್ನಬಹುದು, ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯಿಂದ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕು ಸಿಕ್ಕಿದೆ. ಅದು 50 ವರ್ಷ ನಡೆಯುತ್ತೆ. ಅವರ ಒಪ್ಪಿಗೆ ಇಲ್ಲದೆ ಅವರ ದನಿಯನ್ನು ರೆಕಾರ್ಡ್ ಮಾಡಿ ಹಂಚುವ ಹಾಗಿಲ್ಲ. ಒಂದು ನೋಟುಬುಕ್ಕಿನಲ್ಲಿ ಬರೆದಿಡಿ: ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ಯಾವ ತಾರೀಕು. ಐವತ್ತು ವರ್ಷದ ನಂತರ ಯಾರಾದರೂ ಆ ಪದಕ್ಕೆ ಗಿಟಾರ್ ಹಾಕಿದರೆ ‘ಜಾನಪದ’ ಅನ್ನುವ ಜಾಗದಲ್ಲಿ ಬರೆಯಲು ಒಂದು ಹೆಸರಾದರೂ ಇರಲಿ.

ಇನ್ನು ಕುಣಿಯುವವರಿಗೆ ಒಂದು ಮಾತು. ಕುಣೀರಿ, ಚೆನ್ನಾಗಿ ಕುಣೀರಿ. ಆದರೆ ಹಾಡು ಹಾಕುವ ಮುಂಚೆ ಮೈಕಿನಲ್ಲಿ ಎರಡೇ ಮಾತು ಹೇಳಿ. ಇದು ಭಾಷೆ ಕೊಡದ ಸಂಕಮ್ಮನ ಬಾಗಿಲಿನ ಹಾಡು ಅಂತ ಹೇಳಿ. ಇದು ಚಪ್ಪಲಿ ಹೊಲಿದ ಹರಳಯ್ಯನಿಗೂ ಜಾಗ ಕೊಟ್ಟ ಕಾವ್ಯದ ತುಣುಕು ಅಂತ ಹೇಳಿ. ಅಷ್ಟು ಹೇಳೋಕೆ ಅರ್ಧ ನಿಮಿಷ ಸಾಕು.

ಈ ವರ್ಷದ ಕಾರ್ಯಕ್ರಮದಲ್ಲಿ ಸಂಜೆಯ ಮೊದಲ ಮೈಕು ಆ ಹಿರಿಯರಿಗೆ ಅಂತ ಸಂಘ ತೀರ್ಮಾನ ಮಾಡಿದೆ. ಅವರಿಗೆ ಕುರ್ಚಿ ವೇದಿಕೆಯ ಮೇಲೆಯೇ, ಎಲ್ಲರಿಗಿಂತ ಮುಂದೆ. ಸಂಭಾವನೆ ಕವರಿನಲ್ಲಿಟ್ಟು ಕೈಗೇ ಕೊಡ್ತೀವಿ, ಕೈ ಹಿಡಿದು ಕೊಡ್ತೀವಿ. “ಪೂರ್ತಿ ನೆನಪಿಲ್ಲ, ಮಧ್ಯೆ ಮಧ್ಯೆ ಮರ್ತೋಗದೆ” ಅಂದರು. ಪರವಾಗಿಲ್ಲ ಯಜಮಾನ್ರೇ, ಇದ್ದಷ್ಟೇ ಸಾಕು ಅಂದೆವು. ಕೊನೆಗೆ ಒಪ್ಪಿದರು. ಒಂದೇ ಷರತ್ತು ಹಾಕಿದರು: “ಸಂಕಮ್ಮನ ಕಥೆ ಮುಗಿಯೋಗಂಟ ಒಬ್ರೂ ಊಟಕ್ಕೆ ಏಳಬಾರದು.”

ದಯವಿಟ್ಟು ಎಲ್ಲರೂ ಬನ್ನಿ. ಬೆಚ್ಚಗೆ ಹೊದ್ದುಕೊಂಡು ಬನ್ನಿ, ರಾತ್ರಿ ತಡವಾಗುತ್ತೆ.